ಮಂಡೆಬಿಸಿಗೆ ಮೀಟರ್ ಯಾವುದು? ಕಾಫಿ ಗುಡ್ಡದ ಸಂಕಟವನ್ನು ಅಳೆಯುವವರು ಕೇಳಬೇಕಾದ ಪ್ರಶ್ನೆಗಳು

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಶನಿವಾರ ಬೆಳಗಾಗುವಷ್ಟರಲ್ಲಿ ಮುಳ್ಳಯ್ಯನಗಿರಿ ತಲುಪುವ ಯಾರನ್ನಾದರೂ ಕೇಳಿ ನೋಡಿ, ಯಾಕೆ ಬಂದ್ರಿ ಅಂತ. ‘ಸಿಕ್ಕಾಪಟ್ಟೆ ಸ್ಟ್ರೆಸ್ಸು, ಎರಡು ದಿನ ಆರಾಮಾಗಿ ಇದ್ದು ಹೋಗೋಣ ಅಂತ’ ಎನ್ನುವ ಉತ್ತರ ಬಂದೇ ಬರುತ್ತೆ. ಚಿಕ್ಕಮಗಳೂರು ಈಗ ಕಾಫಿಯ ಜೊತೆ ನೆಮ್ಮದಿಯನ್ನೂ ಮಾರುತ್ತೆ. ಆದರೆ ಹೋಮ್‌ಸ್ಟೇ ಕಿಟಕಿಯಿಂದ ಕಾಣುವ ಆ ಹಸಿರಿನ ಒಳಗೇ ಕೂಲಿಕಾರರ ಲೈನ್ ಮನೆಗಳಿವೆ, ಎರಡು ಮೂರು ಎಕರೆ ತೋಟ ನಂಬಿಕೊಂಡ ಸಣ್ಣ ಬೆಳೆಗಾರರ ಮನೆಗಳಿವೆ. ಅವರ ನೆಮ್ಮದಿ ಎಷ್ಟಿದೆ?

ಉತ್ತರಕ್ಕಾಗಿ ಸರ್ಕಾರದ ದೊಡ್ಡ ಸಮೀಕ್ಷೆಗಳನ್ನು ತೆರೆದು ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜಿಲ್ಲೆಯ ಎಷ್ಟು ಹೆಣ್ಣುಮಕ್ಕಳಿಗೆ ರಕ್ತಹೀನತೆ ಇದೆ ಅನ್ನೋದು ಸಿಗುತ್ತೆ, ಎಷ್ಟು ಮನೆಗೆ ಶೌಚಾಲಯ ಇದೆ ಅನ್ನೋದು ಸಿಗುತ್ತೆ. ಖಿನ್ನತೆ, ಆತಂಕದ ಬಗ್ಗೆ ಅದರಲ್ಲಿ ಒಂದು ಪ್ರಶ್ನೆಯೂ ಇಲ್ಲ. 2015-16ರಲ್ಲಿ ನಿಮ್ಹಾನ್ಸ್ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತು. ನಿಮ್ಹಾನ್ಸ್ ಇರೋದು ಬೆಂಗಳೂರಲ್ಲಿ, ಸಮೀಕ್ಷೆಗೆ ಮುಂಚಿನ ಪ್ರಾಯೋಗಿಕ ಅಧ್ಯಯನ ನಡೆದದ್ದು ಕೋಲಾರದಲ್ಲಿ. ಆದರೆ ಕೊನೆಗೆ ಸಮೀಕ್ಷೆ ನಡೆದ 12 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ.

ಅದೇ ಸಮೀಕ್ಷೆಯ ಒಂದು ಅಂಕಿಯನ್ನು ಮಾತ್ರ ಎಲ್ಲ ಕಡೆ ಬಳಸ್ತಾರೆ. ದೊಡ್ಡ ನಗರಗಳಲ್ಲಿ ಮಾನಸಿಕ ಕಾಯಿಲೆಯ ಪ್ರಮಾಣ ಶೇ 13.5, ಹಳ್ಳಿಗಳಲ್ಲಿ ಶೇ 6.9. ಇದನ್ನು ಓದಿದವರು ‘ಹಳ್ಳಿ ಜನ ಆರಾಮಾಗಿದ್ದಾರೆ’ ಅಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಆ ಅಂಕಿ ಹಾಗೆ ಹೇಳ್ತಾ ಇಲ್ಲ. ಯಾಕೆ ಅನ್ನೋದನ್ನು ಅರ್ಥ ಮಾಡಿಕೊಳ್ಳೋಕೆ ಮೊದಲು ಮೂರು ಪದಗಳನ್ನು ಬೇರೆ ಬೇರೆ ಮಾಡಬೇಕು.

ಕಾಯಿಲೆ, ಸಂಕಟ, ನೆಮ್ಮದಿ

ಮೊದಲನೆಯದು ಮಾನಸಿಕ ಕಾಯಿಲೆ. ಇಷ್ಟು ಲಕ್ಷಣ, ಇಷ್ಟು ದಿನ ಇರಬೇಕು, ಬದುಕಿಗೆ ಇಷ್ಟು ಅಡ್ಡಿಯಾಗಿರಬೇಕು ಅಂತ ನಿಯಮ ಇಟ್ಟುಕೊಂಡು ಪತ್ತೆ ಮಾಡುವಂಥದ್ದು. ನಿಮ್ಹಾನ್ಸ್ ಸಮೀಕ್ಷೆ ಎಣಿಸಿದ್ದು ಇದನ್ನು.

ಎರಡನೆಯದು ಮಾನಸಿಕ ಸಂಕಟ. ಮಲೆನಾಡಿನಲ್ಲಿ ಇದಕ್ಕೆ ಒಳ್ಳೆಯ ಪದ ಇದೆ: ಮಂಡೆಬಿಸಿ. ನಿದ್ದೆ ಹತ್ತಲ್ಲ, ಎದೆ ಡವಡವ ಅನ್ನುತ್ತೆ, ಸುಸ್ತು, ಯಾವುದರಲ್ಲೂ ಮನಸ್ಸು ನಿಲ್ಲಲ್ಲ. ವೈದ್ಯರ ಪಟ್ಟಿಯಲ್ಲಿ ಇದಕ್ಕೆ ಕಾಯಿಲೆಯ ಹೆಸರು ಸಿಗಬಹುದು, ಸಿಗದೆಯೂ ಇರಬಹುದು. ಸಾಲಗಾರ ಬಾಗಿಲಲ್ಲಿ ನಿಂತಿದ್ದಾಗ ನಿದ್ದೆ ಬರದಿದ್ದರೆ ಅದು ಮೆದುಳಿನ ದೋಷ ಅಲ್ಲ. ಹಾಗಂತ ಅದು ನೋವೇ ಅಲ್ಲ ಅನ್ನೋಕಾಗುತ್ತಾ?

ಮೂರನೆಯದು ನೆಮ್ಮದಿ, ಅಂದರೆ ಕ್ಷೇಮ. ಕಾಯಿಲೆ ಇಲ್ಲ ಅಂದ ಮಾತ್ರಕ್ಕೆ ನೆಮ್ಮದಿ ಇದೆ ಅಂತ ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಕೋರಿ ಕೀಸ್ 2002ರಲ್ಲಿ ಮಂಡಿಸಿದ ವಾದ ಇದೇ. ಕಾಯಿಲೆ ಮತ್ತು ನೆಮ್ಮದಿ ಒಂದೇ ಗೆರೆಯ ಎರಡು ತುದಿಗಳಲ್ಲ, ಎರಡು ಬೇರೆ ಗೆರೆಗಳು. ಕಾಯಿಲೆ ಇದ್ದೂ ಚಿಕಿತ್ಸೆ, ಮನೆಯವರ ಆಸರೆ, ಕೆಲಸ ಇದ್ದು ನೆಮ್ಮದಿಯಾಗಿರೋರು ಇದ್ದಾರೆ. ಯಾವ ಕಾಯಿಲೆಯೂ ಇಲ್ಲದೆ ದಿನ ದೂಡುತ್ತಿರೋರೂ ಇದ್ದಾರೆ.

ಕಾಯಿಲೆಯನ್ನಷ್ಟೇ ಎಣಿಸಿದರೆ ಶೇ 6.9 ಸಿಗುತ್ತೆ. ಉಳಿದ ಶೇ 93.1 ಜನರ ನೆಮ್ಮದಿಯ ಬಗ್ಗೆ ಅದು ಏನನ್ನೂ ಹೇಳಲ್ಲ.

ಹತ್ತು ಪ್ರಶ್ನೆ, ಐವತ್ತು ಅಂಕ

ಮಂಗನ ಕಾಯಿಲೆ ಬಂತು ಅಂದರೆ ರಕ್ತ ತೆಗೆದು ಲ್ಯಾಬಿಗೆ ಕಳಿಸ್ತಾರೆ. ಸಂಕಟಕ್ಕೆ ರಕ್ತಪರೀಕ್ಷೆ ಇಲ್ಲ, ಜನರನ್ನು ಕೇಳಿಯೇ ತಿಳಿಯಬೇಕು. ಹಾಗಾಗಿ ಸಾರ್ವಜನಿಕ ಆರೋಗ್ಯ ಸಂಶೋಧಕರು ಪ್ರಶ್ನಾವಳಿಗಳನ್ನು ಬಳಸ್ತಾರೆ. ಜಗತ್ತಿನಾದ್ಯಂತ ಚಾಲ್ತಿಯಲ್ಲಿರುವ ಮೂರನ್ನು ನೋಡಿ.

ಕೆ-10: ಅಮೆರಿಕದ ರೊನಾಲ್ಡ್ ಕೆಸ್ಲರ್ ತಂಡ ರೂಪಿಸಿದ್ದು. ಕಳೆದ 30 ದಿನಗಳ ಬಗ್ಗೆ ಹತ್ತು ಪ್ರಶ್ನೆ. ಪ್ರತಿ ಉತ್ತರಕ್ಕೆ 1ರಿಂದ 5 ಅಂಕ, ಒಟ್ಟು 10ರಿಂದ 50. ಅಂಕ ಹೆಚ್ಚಾದಷ್ಟೂ ಸಂಕಟ ಹೆಚ್ಚು.

ಪಿಎಚ್‌ಕ್ಯೂ-9: ಖಿನ್ನತೆಯ ಲಕ್ಷಣಗಳ ಬಗ್ಗೆ ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಲೆಕ್ಕ. ಒಟ್ಟು ಅಂಕ 27. ಸಾಮಾನ್ಯವಾಗಿ 10 ದಾಟಿದರೆ ಹೆಚ್ಚಿನ ಪರಿಶೀಲನೆ ಬೇಕು ಅಂತ ಅರ್ಥ.

ಡಬ್ಲ್ಯುಎಚ್‌ಒ-5: ಇದು ನೆಮ್ಮದಿಯ ಅಳತೆ. ಐದೇ ಪ್ರಶ್ನೆ. ಖುಷಿಯಾಗಿದ್ದಿರಾ, ಎದ್ದಾಗ ಹಗುರ ಅನ್ನಿಸಿತ್ತಾ, ದಿನದಲ್ಲಿ ಮನಸ್ಸಿಗೆ ಹಿಡಿಸುವಂಥದ್ದು ಏನಾದರೂ ಇತ್ತಾ, ಹೀಗೆ. ನೂರಕ್ಕೆ ಲೆಕ್ಕ ಹಾಕ್ತಾರೆ. ಇಲ್ಲಿ ಅಂಕ ಹೆಚ್ಚಾದಷ್ಟೂ ಒಳ್ಳೆಯದು.

ಇವು ಉಪಯುಕ್ತ ಸಾಧನಗಳು, ಅನುಮಾನ ಬೇಡ. ಹತ್ತು ನಿಮಿಷದಲ್ಲಿ ಮುಗಿಯುತ್ತವೆ, ಮನೋವೈದ್ಯರೇ ಬರಬೇಕಿಲ್ಲ, ತರಬೇತಿ ಪಡೆದ ಆಶಾ ಕಾರ್ಯಕರ್ತೆಯರೂ ಕೇಳಬಹುದು. ಆದರೆ ಇಂಜಿನಿಯರಿಂಗ್ ಓದಿದ ಎಲ್ಲರಿಗೂ ಮೊದಲ ವರ್ಷದ ಲ್ಯಾಬ್‌ನಲ್ಲೇ ಹೇಳಿಕೊಡುವ ಪಾಠ ಒಂದಿದೆ: ಮೀಟರ್ ಎಷ್ಟೇ ಒಳ್ಳೆಯದಿರಲಿ, ಬಳಸುವ ಜಾಗಕ್ಕೆ ತಕ್ಕಂತೆ ಅದನ್ನು ಹೊಂದಿಸಿಕೊಳ್ಳದಿದ್ದರೆ ಬರುವ ರೀಡಿಂಗ್ ನಂಬೋ ಹಾಗಿಲ್ಲ.

ಪ್ರಶ್ನಾವಳಿ ಘಟ್ಟ ಹತ್ತಿದಾಗ

ಕೆ-10ರ ಮೊದಲ ಪ್ರಶ್ನೆಯನ್ನೇ ತಗೊಳ್ಳಿ. ‘ಸರಿಯಾದ ಕಾರಣ ಇಲ್ಲದೆ ಸುಸ್ತಾಗಿದ್ದೀರಾ?’ ಅಂತ ಅದರ ತಾತ್ಪರ್ಯ. ಜನವರಿಯಲ್ಲಿ ಇಳಿಜಾರಿನಲ್ಲಿ ನಿಂತು ದಿನವಿಡೀ ಕಾಫಿ ಹಣ್ಣು ಕುಯ್ದು, ಸಂಜೆ ಚೀಲ ಹೊತ್ತು ತಂದು ತೂಕ ಹಾಕಿಸಿದ ಹೆಂಗಸು ಇದಕ್ಕೆ ಏನಂತ ಉತ್ತರ ಕೊಡಬೇಕು? ಅವಳ ಸುಸ್ತಿಗೆ ಕಾರಣ ಇದೆ. ಹಾಗಾಗಿ ‘ಇಲ್ಲ’ ಅಂತಾಳೆ, ಅಂಕ ಕಡಿಮೆ ಬೀಳುತ್ತೆ. ಇಲ್ಲವೇ ಪ್ರಶ್ನೆಯ ಮೊದಲರ್ಧ ಬಿಟ್ಟು ‘ಸುಸ್ತಾ?’ ಅನ್ನೋದನ್ನು ಮಾತ್ರ ಕೇಳಿಸಿಕೊಂಡು ‘ಯಾವಾಗ್ಲೂ’ ಅಂತಾಳೆ, ಅಂಕ ಏರುತ್ತೆ. ಎರಡರಲ್ಲಿ ಯಾವುದು ಸರಿ? ಬರೀ ಅಂಕ ನೋಡಿ ಹೇಳೋಕಾಗಲ್ಲ.

ಎರಡನೆಯದು ಕಾಲ. ಕಾಫಿ ಸೀಮೆಯ ಬದುಕು ಕ್ಯಾಲೆಂಡರಿಗೆ ಗಂಟು ಬಿದ್ದಿದೆ. ನವೆಂಬರಿನಿಂದ ಅರೇಬಿಕಾ ಕುಯ್ಲು, ಅದರ ಹಿಂದೆಯೇ ರೊಬಸ್ಟಾ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆಗೆ ಆಕಾಶ ನೋಡೋದು. ಜೂನ್ ಬಂತೆಂದರೆ ಮಳೆ. ಕುಯ್ಲಿನ ಹೊತ್ತಲ್ಲಿ ಮೈ ನೋವಿದ್ದರೂ ಕೈಯಲ್ಲಿ ಕಾಸಿರುತ್ತೆ. ಜುಲೈನಲ್ಲಿ ಕೆಲಸ ಕಮ್ಮಿ, ಕಾಸೂ ಕಮ್ಮಿ. ಕಳಸದ ಹತ್ತಿರ ಭದ್ರಾ ನದಿಯ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿನ ನೇರ ದಾರಿಯೇ ಬಂದ್. 30 ದಿನದ ಪ್ರಶ್ನೆಯನ್ನು ಜನವರಿಯಲ್ಲಿ ಕೇಳಿದರೆ ಒಂದು ಉತ್ತರ, ಆಗಸ್ಟ್‌ನಲ್ಲಿ ಕೇಳಿದರೆ ಇನ್ನೊಂದು ಉತ್ತರ.

ಮೂರನೆಯದು, ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ಯಾರಿದ್ದಾರೆ ಅನ್ನೋದು. ಸಮೀಕ್ಷೆಯವರು ತೋಟಕ್ಕೆ ಹೋದರೆ ಜೊತೆಗೆ ರೈಟರ್ ಬರ್ತಾರೆ, ಇಲ್ಲ ಮೇಸ್ತ್ರಿ ಬರ್ತಾರೆ. ಅವರ ಎದುರು ‘ಹೇಗಿದ್ದೀರಿ’ ಅಂತ ಕೇಳಿದರೆ ‘ಚೆನ್ನಾಗಿದೀವಿ ಸಾರ್’ ಅನ್ನೋದು ಬಿಟ್ಟು ಬೇರೆ ಏನು ಹೇಳ್ತಾರೆ? ಸಾಹುಕಾರ್ರು ಕೊಟ್ಟ ಅಡ್ವಾನ್ಸ್ ಇನ್ನೂ ತೀರದವರ ವಿಷಯದಲ್ಲಂತೂ ಕೇಳೋದೇ ಬೇಡ.

ಕೋಟದಲ್ಲಿ 50 ವರ್ಷದ ಹಿಂದೆ

ಈ ಸಮಸ್ಯೆ ಹೊಸದೇನಲ್ಲ. ಇದನ್ನು ಗಂಭೀರವಾಗಿ ಎದುರಿಸಿದ ಒಂದು ಅಧ್ಯಯನ ನಮ್ಮ ಘಟ್ಟದ ಕೆಳಗೇ ನಡೆದಿದೆ. ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ನಡುವೆ ಕೆಲಸ ಮಾಡಿದರು. ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಅವರ ಪುಸ್ತಕ 1976ರಲ್ಲಿ ಬಂತು. ಕಪೂರ್ ಮುಂದೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು.

ಅವರು ವಿದೇಶಿ ಪ್ರಶ್ನಾವಳಿಯನ್ನು ಅನುವಾದ ಮಾಡಿ ಹಂಚಿ ಬರಲಿಲ್ಲ. ಇಲ್ಲಿಗೆ ಹೊಂದುವ ಸಂದರ್ಶನ ಕ್ರಮವನ್ನೇ ರೂಪಿಸಿದರು. ಲಕ್ಷಣ ಇದೆಯಾ ಅನ್ನೋದನ್ನು ಒಂದು ಕಡೆ, ಆ ವ್ಯಕ್ತಿ ದಿನದ ಕೆಲಸ, ಸಂಬಂಧ ನಿಭಾಯಿಸ್ತಾ ಇದ್ದಾರಾ ಅನ್ನೋದನ್ನು ಇನ್ನೊಂದು ಕಡೆ ಅಳೆದರು. ಸಂಕಟ ಬಂದಾಗ ಜನ ಡಾಕ್ಟರ ಹತ್ತಿರ ಮಾತ್ರವಲ್ಲ, ನಾಟಿ ವೈದ್ಯರು, ಮಂತ್ರವಾದಿಗಳು, ಪಾತ್ರಿಗಳ ಹತ್ತಿರವೂ ಹೋಗೋದನ್ನು ದಾಖಲಿಸಿದರು. ಅಳಿಯಸಂತಾನ ಪದ್ಧತಿ ಕಳಚಿಕೊಳ್ಳುತ್ತಿದ್ದ ಕಾಲ ಅದು. ಆಸ್ತಿ, ಮನೆತನದ ವ್ಯವಸ್ಥೆ ಬದಲಾಗೋದಕ್ಕೂ ಮನಸ್ಸಿನ ಸಂಕಟಕ್ಕೂ ಏನು ನಂಟು ಅನ್ನೋದು ಅವರ ಮುಖ್ಯ ಪ್ರಶ್ನೆಗಳಲ್ಲಿ ಒಂದಾಗಿತ್ತು.

ಅಂದರೆ, ವ್ಯಕ್ತಿಯ ತಲೆಯೊಳಗೆ ಏನಾಗಿದೆ ಅಂತ ಕೇಳುವಾಗಲೇ ಅವರ ಸುತ್ತ ಏನು ಬದಲಾಗ್ತಿದೆ ಅಂತಲೂ ಕೇಳಿದರು. ಮೂಡಿಗೆರೆ, ಕಳಸದಲ್ಲಿ ಈಗ ಬೇಕಾಗಿರೋದು ಇಂಥ ಪ್ರಶ್ನೆ.

ಸುತ್ತ ಏನಿದೆ?

ಆನೆ ಇದೆ. ಮೂಡಿಗೆರೆ, ಆಲ್ದೂರು ಭಾಗದಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಆನೆ ಎಲ್ಲಿದೆ ಅಂತ ವಾಟ್ಸ್ಆ್ಯಪ್ ನೋಡೋದು ದಿನಚರಿಯ ಭಾಗ. 2022ರ ನವೆಂಬರ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಹುಲ್ಲೇಮನೆ ಕುಂದೂರಿನಲ್ಲಿ ಆನೆ ದಾಳಿಗೆ ಮಹಿಳೆಯೊಬ್ಬರು ಬಲಿಯಾದಾಗ ಸ್ಥಳಕ್ಕೆ ಹೋದ ಆಗಿನ ಶಾಸಕ ಎಂ.ಪಿ. ಕುಮಾರಸ್ವಾಮಿ ಅವರ ಅಂಗಿ ಹರಿಯುವ ಮಟ್ಟಕ್ಕೆ ಜನರ ಸಿಟ್ಟು ಹೋಗಿತ್ತು. ಮುಂದಿನ ತಿಂಗಳು ಸರ್ಕಾರ ಕಾಡುಪ್ರಾಣಿ ದಾಳಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 7.5 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಿತು. ಸಾವಿಗೆ ಸರ್ಕಾರಿ ಫಾರಂನಲ್ಲಿ ಒಂದು ಕಾಲಂ ಇದೆ. ದಿನಾ ಭಯದಲ್ಲೇ ತೋಟಕ್ಕೆ ಇಳಿಯೋದಕ್ಕೆ ಯಾವ ಕಾಲಂ?

ಇಂಥ ಭಯವನ್ನು ಸಂಶೋಧನೆಯ ವಿಷಯ ಮಾಡಿದ ಉದಾಹರಣೆ ಇದೆ. ಮನೋವೈದ್ಯ ಸುಶ್ರುತ್ ಜಾಧವ್ ಮತ್ತು ಭೂಗೋಳ ತಜ್ಞ ಮಾನ್ ಬರುವಾ 2012ರಲ್ಲಿ ಪ್ರಕಟಿಸಿದ ಅಧ್ಯಯನ ಅಸ್ಸಾಮಿನ ಹಳ್ಳಿಗಳದ್ದು. ಆನೆ ದಾಳಿಯ ಪರಿಣಾಮ ಸತ್ತವರ ಸಂಖ್ಯೆ, ಹಾಳಾದ ಬೆಳೆಗೆ ಮುಗಿಯಲ್ಲ, ಉಳಿದವರ ಮನಸ್ಸಿನ ಮೇಲೆ, ಅದರಲ್ಲೂ ಬಡವರ ಮತ್ತು ಹೆಂಗಸರ ಮೇಲೆ ಅದು ವರ್ಷಗಟ್ಟಲೆ ಕೂರುತ್ತೆ ಅಂತ ಅವರು ತೋರಿಸಿದರು. ಇವತ್ತು ನಮ್ಮ ಕಾಫಿ ತೋಟಗಳಲ್ಲಿ ದುಡಿಯೋರಲ್ಲಿ ಅದೇ ಅಸ್ಸಾಮಿನಿಂದ ಬಂದವರು ಸಾಕಷ್ಟಿದ್ದಾರೆ.

ಮಳೆ ಇದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಗುಡ್ಡ ಕುಸಿದು ಮನೆ, ತೋಟ, ಗದ್ದೆ ಹೋದವು. ಮಳೆಯ ಸದ್ದಿಗೇ ಎದ್ದು ಕೂರುವ ಮನೆಯವರಿಗೆ ‘ನಿದ್ದೆ ಸರಿ ಬರ್ತಿದೆಯಾ’ ಅಂತ ಪಿಎಚ್‌ಕ್ಯೂ-9 ಕೇಳುತ್ತೆ. ಇಲ್ಲ ಅಂದರೆ ಅಂಕ ಸೇರಿಸುತ್ತೆ. ಅಂಕ ಸರಿಯೇ. ಆದರೆ ಆ ಅಂಕಕ್ಕೆ ಪರಿಹಾರ ನಿದ್ದೆ ಮಾತ್ರೆಯೋ, ಸುರಕ್ಷಿತ ಜಾಗದಲ್ಲಿ ಒಂದು ಸೈಟೋ?

ಸಾಲ ಇದೆ. ಈ ಜಿಲ್ಲೆಯಲ್ಲಿ ಸಾಲದ ಮಾತು ಬಂದಾಗ 2019ರ ಜುಲೈನಲ್ಲಿ ಕಾಫಿ ಡೇ ಸಂಸ್ಥಾಪಕ ವಿ.ಜಿ. ಸಿದ್ಧಾರ್ಥ ತೀರಿಕೊಂಡದ್ದನ್ನು ನೆನೆಯದವರಿಲ್ಲ. ಆಗ ದೇಶವೇ ಒಬ್ಬ ಉದ್ಯಮಿಯ ಮೇಲಿನ ಒತ್ತಡದ ಬಗ್ಗೆ ಮಾತಾಡಿತು. ಸಣ್ಣವರ ಒತ್ತಡ ಅಷ್ಟು ಸುದ್ದಿಯಾಗಲ್ಲ. ಕಟ್ಟಲಾಗದ ಸಾಲಕ್ಕೆ ಸರ್ಫೇಸಿ ಕಾಯ್ದೆಯಡಿ ತೋಟ ಹರಾಜು ಹಾಕೋದನ್ನು ಬೆಳೆಗಾರರು ವಿರೋಧಿಸುತ್ತಾ ಬಂದಿದ್ದಾರೆ. ಮೈಕ್ರೋಫೈನಾನ್ಸ್ ವಸೂಲಿಯವರ ಕಿರುಕುಳ ರಾಜ್ಯದಾದ್ಯಂತ ಎಷ್ಟು ಮಿತಿ ಮೀರಿತ್ತೆಂದರೆ 2025ರ ಫೆಬ್ರವರಿಯಲ್ಲಿ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಗಮನಿಸಿ, ಅದು ಆರೋಗ್ಯ ಇಲಾಖೆಯ ಯೋಜನೆ ಅಲ್ಲ. ಆದರೆ ಮನೆಬಾಗಿಲಿಗೆ ವಸೂಲಿಯವರು ಬರೋದು ನಿಂತರೆ ಎಷ್ಟು ಮನೆಗಳ ಮಂಡೆಬಿಸಿ ಇಳಿಯಬಹುದು, ನೀವೇ ಲೆಕ್ಕ ಹಾಕಿ.

ಯಜಮಾನಿಕೆ ಇದೆ. 2022ರ ಅಕ್ಟೋಬರ್‌ನಲ್ಲಿ ಬಾಳೆಹೊನ್ನೂರು ಸಮೀಪದ ಜೇನುಗದ್ದೆಯ ಕಾಫಿ ತೋಟವೊಂದರಲ್ಲಿ, ತೀರದ ಸಾಲದ ನೆಪದಲ್ಲಿ ಗರ್ಭಿಣಿ ಸೇರಿದಂತೆ ದಲಿತ ಕಾರ್ಮಿಕರನ್ನು ಕೂಡಿ ಹಾಕಿದ ಆರೋಪ ಬಂದು ಪೊಲೀಸರು ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣ ದಾಖಲಿಸಿದರು. ಇಂಥ ಭಯದಲ್ಲಿ ಬದುಕೋರಿಗೆ ಕೆ-10 ಕೊಟ್ಟರೆ 40 ದಾಟಬಹುದು. ಅದನ್ನು ಓದಿ ‘ಕೌನ್ಸೆಲಿಂಗ್ ಬೇಕು’ ಅಂತ ಮಾತ್ರ ಬರೆದರೆ ನಾವು ಅಪರಾಧವನ್ನು ರೋಗ ಅಂತ ಕರೆದ ಹಾಗಾಗುತ್ತೆ.

ಲೆಕ್ಕಕ್ಕೆ ಸಿಗದವರು

ಇನ್ನೊಂದು ತೊಡಕು, ಯಾರನ್ನು ಕೇಳ್ತೀವಿ ಅನ್ನೋದು. ಮನೆಮನೆ ಸಮೀಕ್ಷೆಗಳು ಸಾಮಾನ್ಯವಾಗಿ ಆ ಮನೆಯಲ್ಲಿ ಕಾಯಂ ಇರೋರನ್ನು ಎಣಿಸುತ್ತವೆ. ಕುಯ್ಲಿಗೆ ಬಂದು ನಾಲ್ಕು ತಿಂಗಳಿದ್ದು ಹೋಗುವವರು ಊರಿನ ಲೆಕ್ಕದಲ್ಲೂ ಇರಲ್ಲ, ಇಲ್ಲಿನ ಲೆಕ್ಕದಲ್ಲೂ ಇರಲ್ಲ. ಇದ್ದರೂ ಪ್ರಶ್ನಾವಳಿ ಇರೋದು ಕನ್ನಡದಲ್ಲಿ. ತುಳು ಮನೆಮಾತಿನವರು ಹೇಗೋ ನಿಭಾಯಿಸ್ತಾರೆ, ಅಸ್ಸಾಂ, ಜಾರ್ಖಂಡ್‌ನಿಂದ ಬಂದವರು ಏನು ಮಾಡಬೇಕು?

ಲೆಕ್ಕ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಒಂದು ಅಂಕಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಕೃಷಿಯಲ್ಲಿ ತೊಡಗಿದ್ದ 11,290 ಜನ ಆತ್ಮಹತ್ಯೆಯಿಂದ ಸತ್ತರು. ಇವರಲ್ಲಿ ರೈತರು 5,207, ಕೃಷಿ ಕೂಲಿಗಳು 6,083. ಕೂಲಿಗಳೇ ಹೆಚ್ಚು. ಆದರೂ ನಮ್ಮ ಟಿವಿ ಚರ್ಚೆ, ವಿಧಾನಸಭೆಯ ಪ್ರಶ್ನೋತ್ತರ, ಪರಿಹಾರದ ನಿಯಮ ಎಲ್ಲವೂ ‘ರೈತರ ಆತ್ಮಹತ್ಯೆ’ ಎಂಬ ಪದದ ಸುತ್ತಲೇ ತಿರುಗುತ್ತವೆ. ಪಹಣಿಯಲ್ಲಿ ಹೆಸರಿಲ್ಲದವರ ಸಂಕಟ ಸಾವಾದ ಮೇಲೂ ಸರಿಯಾಗಿ ಲೆಕ್ಕಕ್ಕೆ ಬರಲ್ಲ.

ಕಾಫಿಯಲ್ಲಿ ಇದು ಇನ್ನೂ ಸ್ಪಷ್ಟ. 2024-25ರಲ್ಲಿ ಕಾಫಿ ದರ ದಾಖಲೆ ಮಟ್ಟಕ್ಕೆ ಏರಿತು. ಮಾಲೀಕರ ಮನೆಯಲ್ಲಿ ಡಬ್ಲ್ಯುಎಚ್‌ಒ-5 ಅಂಕವೂ ಏರಿರಬಹುದು. ಲೈನ್ ಮನೆಯಲ್ಲೂ ಏರಿತಾ? ಇಬ್ಬರನ್ನೂ ಸೇರಿಸಿ ಜಿಲ್ಲೆಯ ಸರಾಸರಿ ತೆಗೆದರೆ ಈ ವ್ಯತ್ಯಾಸವೇ ಮುಚ್ಚಿಹೋಗುತ್ತೆ.

ಕೇಳಿದ ಮೇಲೆ ಜವಾಬ್ದಾರಿ ಇದೆ

ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ, ಬದುಕೇ ಬೇಡ ಅನ್ನಿಸಿದ್ದುಂಟಾ ಅನ್ನೋದು. ಸಂಜೆ ಆರಕ್ಕೆ ಒಬ್ಬರು ‘ಹೌದು’ ಅಂದರು ಅಂದುಕೊಳ್ಳಿ. ಸಮೀಕ್ಷೆಯವರು ಟ್ಯಾಬ್ ಮುಚ್ಚಿ ಜೀಪು ಹತ್ತಿ ಹೋದರೆ? ಕೇಳೋದಾದರೆ ಆ ರಾತ್ರಿಯೇ ಅವರ ಜೊತೆ ಮಾತಾಡುವ ಒಬ್ಬರು ಇರಲೇಬೇಕು.

ಈ ವಿಷಯದಲ್ಲಿ ಕರ್ನಾಟಕಕ್ಕೆ ಅನುಭವ ಕಡಿಮೆ ಇಲ್ಲ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದಿತು. 1996ರಲ್ಲಿ ಶುರುವಾದ ಕೇಂದ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಗಿದ್ದು ಈ ಬಳ್ಳಾರಿ ಪ್ರಯೋಗ. ಪಕ್ಕದ ತೀರ್ಥಹಳ್ಳಿಯಲ್ಲಿ 2005ರಿಂದ ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆ ಇರೋರನ್ನು ಊರಲ್ಲೇ ಗುರುತಿಸಿ, ಔಷಧ ಕೊಟ್ಟು, ವರ್ಷಗಟ್ಟಲೆ ಜೊತೆಗಿರುವ ಯೋಜನೆ ನಡೆದಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಇದೆ.

ಇವೆಲ್ಲ ಬೇಕು. ತೀವ್ರ ಕಾಯಿಲೆ ಇರೋರಿಗೆ ಔಷಧ ಜೀವ ಉಳಿಸುತ್ತೆ, ‘ಎಲ್ಲಾ ಸಮಾಜದ ತಪ್ಪು’ ಅಂತ ಭಾಷಣ ಮಾಡಿ ಅವರಿಂದ ಮಾತ್ರೆ ಕಿತ್ತುಕೊಳ್ಳಬಾರದು. ಆದರೆ ಕಳಸದಿಂದ ಜಿಲ್ಲಾ ಕೇಂದ್ರ ಸುಮಾರು 90 ಕಿಲೋಮೀಟರ್. ಮಂಗಳವಾರ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಇಲ್ಲ. ಆಸ್ಪತ್ರೆಯಿಂದ ಮರಳಿ ಹೋಗೋದು ಅದೇ ಲೈನ್ ಮನೆಗೆ, ಅದೇ ಸಾಲಕ್ಕೆ.

ಬದುಕಿನ ಸ್ಥಿತಿ ಬದಲಾದರೆ ಸಂಕಟವೂ ಇಳಿಯುತ್ತೆ ಅನ್ನೋದಕ್ಕೆ ಪುರಾವೆ ಇದೆ. ಇಂಡೊನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ನೇರ ನಗದು ಕೊಡುವ ಯೋಜನೆ ಬಂದ ಮೇಲೆ ಆತ್ಮಹತ್ಯೆ ಪ್ರಮಾಣ ಸುಮಾರು ಶೇ 18ರಷ್ಟು ಇಳಿಯಿತು ಅಂತ 2019ರ ಅಧ್ಯಯನವೊಂದು ತೋರಿಸಿತು. ನಮ್ಮಲ್ಲಿ 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಇದೆ. ಅದು ಮನೆಯ ಯಜಮಾನಿಯರ ಮಂಡೆಬಿಸಿಯನ್ನು ಎಷ್ಟು ಇಳಿಸಿದೆ? ಇಲ್ಲಿನ ಪಡಿತರ ಚೀಟಿ ಇಲ್ಲದ ವಲಸೆ ಕಾರ್ಮಿಕ ಮಹಿಳೆಯರ ಸ್ಥಿತಿ ಅದರ ಎದುರು ಹೇಗಿದೆ? ಗ್ಯಾರಂಟಿಗಳ ಪರ ವಿರೋಧ ಕಿತ್ತಾಡುವ ನಾವು ಕೇಳಬೇಕಾದ ಪ್ರಶ್ನೆ ಇದು.

ಹಾಗಾದರೆ ಏನು ಕೇಳೋಣ?

ನಿಮ್ಹಾನ್ಸ್ ಎರಡನೇ ರಾಷ್ಟ್ರೀಯ ಸಮೀಕ್ಷೆಯ ಕೆಲಸ ಕೈಗೆತ್ತಿಕೊಂಡಿದೆ. ಅಂಕಿಗಳು ಬಂದಾಗ ಶೇಕಡಾ ಎಷ್ಟು ಅನ್ನೋದರ ಮೇಲೆ ಎರಡು ದಿನ ಸುದ್ದಿ ಓಡುತ್ತೆ. ಆ ಹೊತ್ತಿಗೆ ನಾವು ಕೇಳಬೇಕಾದ ಪ್ರಶ್ನೆಗಳು ಇವು. ಅಳೆದದ್ದು ಕಾಯಿಲೆಯನ್ನೋ, ಸಂಕಟವನ್ನೋ, ನೆಮ್ಮದಿಯನ್ನೋ? ಯಾವ ತಿಂಗಳಲ್ಲಿ, ಯಾವ ಭಾಷೆಯಲ್ಲಿ, ಯಾರ ಎದುರು ಕೇಳಿದರು? ತೋಟದ ಮಾಲೀಕರನ್ನೂ ಲೈನ್ ಮನೆಯವರನ್ನೂ ಬೇರೆ ಬೇರೆ ತೋರಿಸಿದ್ದಾರಾ?

ಜಿಲ್ಲಾ ಮಟ್ಟದಲ್ಲಿ ಇನ್ನೂ ಸರಳವಾದ ಬೇಡಿಕೆ ಇಡಬಹುದು. ವರ್ಷಕ್ಕೆ ಎರಡು ಸಲ, ಕುಯ್ಲಿನಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ, ಮೇಸ್ತ್ರಿ ರೈಟರ್ ಇಲ್ಲದ ಕಡೆ, ಕಾರ್ಮಿಕರ ಭಾಷೆಯಲ್ಲಿ ಕೇಳಿ. ಹೆಸರು ಗುಟ್ಟಾಗಿಡಿ. ಜೊತೆಗೆ ಸಾಲ ಎಷ್ಟು, ಕೆಲಸ ಎಷ್ಟು ದಿನ, ಆನೆ ಭಯ ಎಷ್ಟು, ಮನೆ ಗಟ್ಟಿಯಿದೆಯಾ ಅಂತಲೂ ಕೇಳಿ. ಬಂದ ಉತ್ತರ ಆರೋಗ್ಯ ಇಲಾಖೆಯ ಫೈಲಿನಲ್ಲೇ ಕೂರಬಾರದು. ಕಾರ್ಮಿಕ, ಕಂದಾಯ, ಅರಣ್ಯ ಇಲಾಖೆಯವರೂ ಕೂತಿರುವ ಜಿಲ್ಲಾಧಿಕಾರಿಗಳ ಸಭೆಯ ಮುಂದೆ ಬರಬೇಕು. ಯಾಕೆಂದರೆ ಕೆ-10ರಲ್ಲಿ ಬಿದ್ದ ಅಂಕದಲ್ಲಿ ಡಾಕ್ಟರು ಇಳಿಸಬಹುದಾದ ಪಾಲು ಒಂದಿಷ್ಟು. ಉಳಿದದ್ದನ್ನು ಇಳಿಸೋ ಅಧಿಕಾರ ಇರೋದು ಆ ಸಭೆಯಲ್ಲಿ ಕೂತವರಿಗೆ.

(ನಿಮಗೋ ನಿಮ್ಮವರಿಗೋ ಮನಸ್ಸು ತೀರಾ ಭಾರವಾಗಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.)